ಸಂಕದಾಳದ ಕೆರೆಯ ಮೌನವಿಜಯ

ಹಗಲಿಗೂ ಇರುಳಿಗೂ ನಡುವೆ ಇಪ್ಪತ್ತೆರಡು ನಿಮಿಷಗಳ ಕಿರುರಾಜ್ಯವನ್ನು ಆಳುವವಳೇ, ಬೇಡದವರಿಗೂ ಹೊನ್ನು ಚೆಲ್ಲಿ ಕಣ್ಣು ಮಿಟುಕಿಸುವುದರೊಳಗೆ ಕಸಿದುಕೊಳ್ಳುವವಳೇ, ಕೆಸರೆಮ್ಮೆಯ ಬೆನ್ನನ್ನೂ ಎರಡು ಗಳಿಗೆ ರಾಜಗಾಂಭೀರ್ಯದಿಂದ ಹೊಳೆಯಿಸುವವಳೇ, ಫೋಟೋ ತೆಗೆಯುವವರ ಎದೆಬಡಿತವನ್ನು ಏರಿಸುತ್ತ ಬೆಳಕನ್ನು ಇಳಿಸುವ ಓ ಸಂಧ್ಯಾದೇವಿಯೇ, ಮೊದಲ ನಮಸ್ಕಾರ ನಿನಗೆ. ಈ ಕಥೆ ಹೇಳುವವನ ನಾಲಗೆಗೆ ನಿನ್ನ ಬಣ್ಣವನ್ನು ಒಂದಿಷ್ಟು ಬಳಿ. ಕಥೆ ಮುಗಿಯುವ ಹೊತ್ತಿಗೆ ಆ ಬಣ್ಣ ಉಳಿಯುವುದಿಲ್ಲವೆಂದು ಅವನಿಗೂ ಗೊತ್ತು.

ಅದು ಕಲಿಯುಗ. ಮನುಷ್ಯರೆಲ್ಲರ ಕಿಸೆಯಲ್ಲೂ ಒಂದೊಂದು ಕ್ಯಾಮೆರಾ ಸೇರಿಕೊಂಡು, ಯಾರೂ ಏನನ್ನೂ ನೋಡದೆ ಎಲ್ಲವನ್ನೂ ತೆಗೆದಿಟ್ಟುಕೊಳ್ಳುತ್ತಿದ್ದ ಕಾಲ. ಅಂಥ ಯುಗದಲ್ಲಿ, ಸಂಕದಾಳವೆಂಬ ಪಟ್ಟಣದಲ್ಲಿ, ತತ್ತ್ವಶಾಸ್ತ್ರ-ಸ್ನಾತಕೋತ್ತರ-ದ್ವಿತೀಯಶ್ರೇಣಿ-ವಿಭೂಷಣನೂ, ಪದವಿಕಾಲೇಜು-ಗ್ರಂಥಾಲಯ-ಸಹಾಯಕ-ಪೀಠಾಲಂಕೃತನೂ, ಅಲ್ಪಭಾಷಿಯೂ, ದೀರ್ಘನಿಃಶ್ವಾಸಿಯೂ, ಕೆಸರು ಮೆತ್ತಿದ ಬೂಟುಗಳನ್ನು ಬಿರುದಿನಂತೆ ಧರಿಸಿದವನೂ ಆದ ಗುರುಪಾದ ಹಾಲಭಾವಿ ಎಂಬ ವೀರನಿದ್ದನು.

ಈ ವೀರನಿಗೆ ಜಗತ್ತಿನಲ್ಲಿ ಪ್ರಿಯವಾದುದು ಒಂದೇ, ಮೌನ. ಗ್ರಂಥಾಲಯದ ನಾಲ್ಕು ಗೋಡೆಗಳ ಮೇಲೂ ‘ಮೌನವಾಗಿರಿ’ ಎಂಬ ಆಜ್ಞಾಪತ್ರಗಳನ್ನು ತನ್ನ ಕೈಯಾರೆ ಬರೆದು ಅಂಟಿಸಿದ್ದನು. ಅಲ್ಲಿಗೆ ಓದಲು ಯಾರೂ ಬರುತ್ತಿರಲಿಲ್ಲವಾದ್ದರಿಂದ ಆ ರಾಜ್ಯದಲ್ಲಿ ದಂಗೆಗಳೂ ಏಳುತ್ತಿರಲಿಲ್ಲ. ಆದರೆ ಜನರಿಲ್ಲದ ಕೋಣೆಯ ಮೌನದಿಂದ ಅವನಿಗೆ ತೃಪ್ತಿಯಾಗಲಿಲ್ಲ. ಬಯಲಿನ ಮೌನ ಬೇಕಾಯಿತು. ಅದಕ್ಕಾಗಿ ಎಂಟು ವರ್ಷಗಳಿಂದ ಪ್ರತಿ ಭಾನುವಾರ ಸಂಜೆ ಊರಾಚೆಯ ಕೆರೆಗೆ ಹೋಗಿ, ಅಲ್ಲಿ ಇಳಿದು ತಂಗುವ ನೀರುಹಕ್ಕಿಗಳ ಚಿತ್ರ ತೆಗೆಯುವ ವ್ರತ ಹಿಡಿದಿದ್ದನು. ಆ ತಪಸ್ಸಿನ ಫಲವಾಗಿ ಮೂವತ್ತು ಸಾವಿರ ಚಿತ್ರಗಳು ಅವನ ಕಂಪ್ಯೂಟರಿನಲ್ಲಿ ಶೇಖರವಾಗಿದ್ದವು. ಅವುಗಳಲ್ಲಿ ಅರ್ಧದಷ್ಟು ಹಕ್ಕಿಗಳ ಹಿಂಭಾಗಕ್ಕೆ ಸಂಬಂಧಿಸಿದವು. ಉಳಿದರ್ಧ, ಹಕ್ಕಿ ಈಗಷ್ಟೇ ಬಿಟ್ಟು ಹೋದ ಕೊಂಬೆಗಳವು. ‘ಇವು ಇಲ್ಲದಿರುವಿಕೆಯ ಚಿತ್ರಗಳು’ ಎಂದು ಅವನು ಹೆಂಡತಿಗೆ ಒಮ್ಮೆ ವಿವರಿಸಿದ್ದನು. ಅನ್ನಪೂರ್ಣಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಕೊಂಬಿ ಛಲೋ ಬಂದೈತ್ರಿ” ಎಂದಿದ್ದಳು.

ಹೀಗಿರಲು ಒಂದು ಮಹಾಸಂದರ್ಭ ಒದಗಿತು. ಊರಿನ ಪತ್ತಿನ ಸಹಕಾರಿ ಸಂಘವು ಹೊಸ ವರ್ಷದ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದರಂತೆ ಹಕ್ಕಿಗಳನ್ನು ಹಾಕುವುದೆಂದು ತೀರ್ಮಾನಿಸಿತು. ಅದನ್ನು ಅಚ್ಚು ಮಾಡುವವನು ಗುರುಪಾದನ ಬಾಲ್ಯಸಖ, ಮುದ್ರಣಾಲಯದ ಒಡೆಯ ದಾವಲ್ ನದಾಫ. ಹನ್ನೊಂದು ತಿಂಗಳಿಗೆ ದೊಡ್ಡ ಊರಿನ ಯಾರೋ ಚಿತ್ರ ಕಳುಹಿಸಿಯಾಗಿತ್ತು. ಡಿಸೆಂಬರ್ ಒಂದನ್ನು ದಾವಲ್ ತನ್ನ ಗೆಳೆಯನಿಗೆಂದು ಕಾದಿಟ್ಟಿದ್ದನು. ಕೆರೆಯ ನಡುವಿನ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಂಜೆ ಇಳಿಯುವ ಚಿತ್ರ ಬೇಕು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಹೆಸರು: ‘ಛಾಯಾಚಿತ್ರ: ಗುರುಪಾದ ಹಾಲಭಾವಿ’.

ಅಚ್ಚಿನಲ್ಲಿ ಹೆಸರು! ಮದುವೆಯ ಲಗ್ನಪತ್ರಿಕೆಯ ಹೊರತು ಈ ಭೂಮಂಡಲದಲ್ಲಿ ಎಲ್ಲಿಯೂ ಅಚ್ಚಾಗದ ಹೆಸರು! ಅದನ್ನು ನೆನೆದು ಗುರುಪಾದನು ಹದಿನೈದು ದಿನ ನಿದ್ದೆಗೆಟ್ಟಿದ್ದನು. ಅಕ್ಷರಗಳ ಗಾತ್ರ ಎಷ್ಟಿರಬೇಕು, ಕಪ್ಪೋ ಬಿಳಿಯೋ ಎಂದೆಲ್ಲ ಚಿಂತಿಸಿದ್ದನು. ಚಿತ್ರವನ್ನು ಮಾತ್ರ ಇನ್ನೂ ತೆಗೆದಿರಲಿಲ್ಲ. ಎರಡು ಭಾನುವಾರ ಮೋಡ ಬಂದು ಹೋದವು. ಉಳಿದದ್ದು ಒಂದೇ ಸಂಜೆ.

“ನಾಳೆ ಹತ್ತಕ್ಕ ಮಷೀನ್ ಶುರು, ದೋಸ್ತ,” ಎಂದು ದಾವಲ್ ಬೆಳಿಗ್ಗೆಯೇ ಫೋನಿನಲ್ಲಿ ಸಾರಿದನು. “ಫೋಟೋ ಕೊಟ್ಟಿ ಅಂದ್ರ ನಿಂದು. ಇಲ್ಲಂದ್ರ ನನಗ ತೋಚಿದ್ದು ಒಗದಬಿಡ್ತೀನಿ. ಆಮ್ಯಾಲ ಮಾರಿ ಸಣ್ಣ ಮಾಡಬ್ಯಾಡ.”

ಆ ಮಧ್ಯಾಹ್ನ ಮೂರಕ್ಕೆ ವೀರನು ಆಯುಧಗಳನ್ನು ಧರಿಸಿದನು. ಹದಿನೇಳು ಕಿಸೆಗಳ ಹಸಿರು ಕವಚವನ್ನು ತೊಟ್ಟನು. ಅವುಗಳಲ್ಲಿ ಹದಿನಾಲ್ಕು ಖಾಲಿ. ಮುಖಕ್ಕೆ ಬಲೆಯಿಳಿಬಿಟ್ಟ ಟೊಪ್ಪಿಗೆಯನ್ನಿಟ್ಟನು. ಮೊಣಕಾಲೆತ್ತರದ ರಬ್ಬರು ಬೂಟುಗಳಲ್ಲಿ ಪಾದಗಳನ್ನು ಪ್ರತಿಷ್ಠಾಪಿಸಿದನು. ಮೊಳದುದ್ದದ ಲೆನ್ಸನ್ನು, ತೊಟ್ಟಿಲ ಕೂಸನ್ನು ಸುತ್ತುವಂತೆ, ಎಲೆಗಳ ಚಿತ್ರವಿದ್ದ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡನು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅನ್ನಪೂರ್ಣಾ ತಲೆಯೆತ್ತಿದಳು.

“ಕೆರಿಗೆ ಹೊಂಟೀರೋ, ಯುದ್ಧಕ್ಕ ಹೊಂಟೀರೋ?”

“ಇವತ್ತು ಎರಡೂ ಒಂದ,” ಎಂದನು ವೀರನು.

“ಹಂಗಾರ ಸ್ವೆಟರ್ ತಗೊಂಡ ಹೋಗ್ರಿ.”

ರಥ ಬಂದಿತು. ಅದು ದಾವಲನ ಮೊಪೆಡ್. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಏಳುವ ಸ್ವಭಾವದ್ದು. ಸಾರಥಿಯಾದ ದಾವಲನು ಹಿಡಿಕೆಗೆ ಚುರಮುರಿಯ ಪೊಟ್ಟಣ ನೇತುಹಾಕಿಕೊಂಡು, ವೀರನನ್ನೂ ಮುಕ್ಕಾಲಿಯನ್ನೂ ಲೆನ್ಸನ್ನೂ ಹೊತ್ತ ಆ ರಥವನ್ನು ನಾಲ್ಕು ಮೈಲಿ ನಡೆಸಿ ಕೆರೆಯ ಏರಿಯ ಮೇಲೆ ನಿಲ್ಲಿಸಿದನು.

ಆಹಾ, ಸಂಕದಾಳದ ಕೆರೆ! ಮೂರು ಕಡೆ ಕಡಲೆ ಹೊಲಗಳು, ಒಂದು ಕಡೆ ಕಲ್ಲುಗಟ್ಟಿದ ಏರಿ. ನೀರ ನಡುವೆ ಅರ್ಧ ಮುಳುಗಿದ ಹದಿಮೂರು ಜಾಲಿಮರಗಳು, ಹಕ್ಕಿಗಳ ಹಿಕ್ಕೆಯಿಂದ ಸುಣ್ಣ ಬಳಿದಂತೆ ಬೆಳ್ಳಗೆ ನಿಂತಿದ್ದವು. ಏರಿಯ ಬುಡಕ್ಕೆ ಮೆಟ್ಟಿಲು, ಮೆಟ್ಟಿಲಿನ ಕೊನೆಗೆ ನಾಲ್ಕು ಒಗೆಯುವ ಕಲ್ಲುಗಳು. ಅದರ ಮಗ್ಗುಲಲ್ಲೇ ಜೊಂಡುಹುಲ್ಲಿನ ಒಂದು ಪೊದೆ. ಆ ಪೊದೆಯ ಹಿಂದೆ ಕೂತರೆ ಮುಳುಗುವ ಸೂರ್ಯ ಬೆನ್ನಿಗೆ ಬೀಳುತ್ತಾನೆ, ಬೆಳಕು ನೇರವಾಗಿ ಜಾಲಿಮರಗಳಿಗೆ ಬೀಳುತ್ತದೆ. ಇಡೀ ಕೆರೆಯಲ್ಲಿ ಅಂಥ ಜಾಗ ಅದೊಂದೇ ಎಂಬುದನ್ನು ಎಂಟು ವರ್ಷ ಉಳಿದೆಲ್ಲ ಜಾಗಗಳಲ್ಲಿ ಕೂತ ಮೇಲೆ ಗುರುಪಾದನು ಮೊನ್ನೆಯಷ್ಟೇ ಕಂಡುಕೊಂಡಿದ್ದನು.

ಅಲ್ಲಿ ಅವನು ಮುಕ್ಕಾಲಿಯನ್ನು ಊರಿದನು. ನಡುವಿನ ಮರದ ತುತ್ತತುದಿಯ ಕೊಂಬೆಗೆ ಗುರಿಯಿಟ್ಟನು. ಕಣ್ಣು ಮುಚ್ಚಿ ಆ ಸಂಜೆಯ ಮೌನಕ್ಕೆ ಕಿವಿಗೊಟ್ಟನು.

ಖರಕ್.

ಸಾರಥಿಯು ಚುರಮುರಿಗೆ ಮಿರ್ಚಿಯನ್ನು ಕೂಡಿಸಿ ಕಡಿಯುತ್ತಿದ್ದನು.

“ದಾವಲ್,” ಎಂದು ವೀರನು ಉಸಿರಿನಲ್ಲೇ ಹೇಳಿದನು, “ಸದ್ದು.”

“ಚುರಮುರಿ ಸದ್ದಿಲ್ದಂಗ ತಿನ್ನಾಕ ಬರ್ತೈತೇನು? ಮೆತ್ತಗಾಗೂ ಮಟ ಕಾಯ್ಬೇಕಾಗ್ತೈತಿ.”

“ಹಕ್ಕಿ ಬೆದರ್ತಾವ.”

“ಹಕ್ಕಿಗೂ ಚುರಮುರಿಗೂ ಏನ್ ವೈರ ಐತೋ ಮಾರಾಯಾ? ಒಂದ್ ಮುಕ್ಕ ಒಗದ್ರ ಅವೂ ತಿಂತಾವ.”

ಅಷ್ಟರಲ್ಲಿ ದಾವಲನ ಕಿಸೆಯಲ್ಲಿ ಫೋನು ಒಂದು ಮದುವೆ ಬ್ಯಾಂಡಿನ ಸ್ವರದಲ್ಲಿ ಮೊಳಗಿತು. ವೀರನ ಸಹನೆಯ ಕಟ್ಟೆ ಒಡೆಯಿತು. ಫೋನನ್ನು ಪೂರ್ತಿ ಆರಿಸಬೇಕೆಂದೂ, ಆರಿಸಿದ ಮೇಲೆ ಮತ್ತೆ ಹಚ್ಚಕೂಡದೆಂದೂ, ಸಾರಥಿಯು ಏರಿಯ ಆಚೆ ತುದಿಯ ಚಹದಂಗಡಿಗೆ ಹೋಗಿ ಕತ್ತಲಾಗುವವರೆಗೆ ಅಲ್ಲೇ ಇರಬೇಕೆಂದೂ ಆಜ್ಞೆಯಾಯಿತು. ದಾವಲನು ಫೋನನ್ನು ಅವನ ಕಣ್ಣೆದುರಿಗೇ ಆರಿಸಿದನು. ಪೊಟ್ಟಣದ ಬಾಯಿ ತಿರುಚಿದನು.

“ಹೊಂಟೆ ನೋಡಪಾ. ನನ್ನ ಕ್ಯಾಲೆಂಡರಿಗೆ ನನ್ನ ಹೊರಗ ಹಾಕಿದಿ. ನೆನಪಿರ್ಲಿ, ನಾಳೆ ಹತ್ತಕ್ಕ.”

ಹೀಗೆ ಮೊದಲ ಶತ್ರುವು ರಣದಿಂದ ಹಿಮ್ಮೆಟ್ಟಿತು. ಗಂಟೆ ಐದೂವರೆಯಾಗಿತ್ತು. ವೀರನು ಮತ್ತೆ ಕಣ್ಣು ಮುಚ್ಚಿದನು.

ಧಪ್!

ಕೆರೆಯ ಮೈ ನಡುಗಿತು. ಧಪ್! ಜೊಂಡು ತೊನೆಯಿತು. ಧಪ್! ವೀರನ ಟೊಪ್ಪಿಗೆಯ ಬಲೆ ಕಂಪಿಸಿತು. ಪ್ರತಿಯೊಂದು ಹೊಡೆತದ ಹಿಂದೆಯೇ “ಉಶ್ಶಾ!” ಎಂಬ ಹೂಂಕಾರ, ಅದರ ಹಿಂದೆ ನೀರು ಸಿಡಿದ ಸದ್ದು. ಪೊದೆಯನ್ನು ಸರಿಸಿ ನೋಡಿದರೆ, ಹತ್ತು ಮಾರು ದೂರದ ಕಲ್ಲಿನ ಮುಂದೆ, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಶ್ವೇತಧ್ವಜದಂಥ ದುಪ್ಪಟಿಯನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಿ ಶಿಲೆಯ ಮೇಲೆ ಅಪ್ಪಳಿಸುತ್ತಿದ್ದ ಒಬ್ಬ ಮುದುಕಿ ಕಾಣಿಸಿದಳು. ಅವಳೇ ಶಿಲಾತಾಡನ-ಚತುರೆ, ಸಾಬೂನುಫೇನ-ಶೋಭಿತೆ, ಅರವತ್ತು ದಾಟಿದರೂ ತೋಳು ಬಗ್ಗದ ಫಕೀರವ್ವ ಮಡಿವಾಳರ. ಬಸ್‌ಸ್ಟ್ಯಾಂಡಿನೆದುರಿನ ಲಾಡ್ಜಿನ ಹಾಸಿಗೆಗಳ ಮೇಲಿನ ದುಪ್ಪಟಿಗಳು ಮಧ್ಯಾಹ್ನದ ಮೇಲೆ ಅವಳ ಕೈಸೇರುತ್ತವೆ. ಕತ್ತಲಾಗುವುದರೊಳಗೆ ಒಗೆದು ಬೆಳಿಗ್ಗೆ ಹರವುವುದು ಅವಳ ಪದ್ಧತಿ. ಅವಳ ಒಂದು ಬದಿಗೆ, ದಣಿವಾರಿಸಿಕೊಳ್ಳಲು ಆಚೆ ನೆರಳಿಗೆ ಹೋಗುವ ಮುಂಚೆಯೇ ಒಗೆದು ಹಿಂಡಿಟ್ಟ ದುಪ್ಪಟಿಗಳ ಗುಡ್ಡೆ, ಇನ್ನೊಂದು ಬದಿಗೆ ಒಗೆಯಬೇಕಾದವುಗಳ ಗಂಟು.

ಗುರುಪಾದನು ಎದ್ದು ನಿಂತನು. ಅವನ ಅಂತರಂಗದಲ್ಲಿ ಒಂದು ಮಹಾಭಾಷಣ ಮೊಳಗಿತು: ‘ಎಲೈ ಕೋಲಾಹಲಕಾರಿಣಿ! ಯಾವ ಮೌನದ ಗರ್ಭದಿಂದ ಸೃಷ್ಟಿಯೆಲ್ಲವೂ ಮೂಡಿತೋ, ಯಾವ ಮೌನದ ಮಡಿಲಲ್ಲಿ ರೆಕ್ಕೆ ದಣಿದ ಜೀವಿಗಳು ಸಂಜೆಗೆ ಆಶ್ರಯ ಪಡೆಯುವುವೋ, ಆ ಮೌನವನ್ನು ನೀನು ಹಾಸಿಗೆಯ ಬಟ್ಟೆಯಿಂದ ಬಡಿದು ಕೊಲ್ಲುತ್ತಿರುವೆ! ಎಂಟು ವರ್ಷಗಳ ನನ್ನ ತಪಸ್ಸಿನ ಮೇಲಾಣೆ, ಈ ಸಂಜೆ ಈ ಕೆರೆಯಲ್ಲಿ ಒಂದು ಎಲೆ ಅಲುಗಿದ ಸದ್ದನ್ನೂ ನಾನು ಸಹಿಸೆನು!’

ಈ ಭಾಷಣದ ಪೈಕಿ ಬಾಯಿಂದ ಹೊರಬಿದ್ದದ್ದು ಇಷ್ಟು: “ಯವ್ವಾ... ಸ್ವಲ್ಪ ಸಾವಕಾಶ...”

“ಏನಂದಿ? ಜೋರಾಗಿ ಹೇಳೋ ತಮ್ಮಾ, ಕಿವಿ ಮಂದ ಅದಾವ.”

“ಸದ್ದು ಮಾಡಬ್ಯಾಡ್ರಿ ಅಂದೆ.”

“ಆಂ?”

“ಸದ್ದು ಮಾಡಬ್ಯಾಡ್ರಿ!” ಎಂದು ವೀರನು ಗರ್ಜಿಸಿದನು. ಆ ಗರ್ಜನೆಗೆ ಮರದ ಮೇಲೆ ರೆಕ್ಕೆ ಒಣಗಿಸುತ್ತ ಕೂತಿದ್ದ ಎರಡು ನೀರುಕಾಗೆಗಳು ಹಾರಿಹೋದವು. ಫಕೀರವ್ವನ ದುಪ್ಪಟಿಗೆ ಅವು ಅಲ್ಲಿಯವರೆಗೆ ಕತ್ತು ಸಹ ತಿರುಗಿಸಿರಲಿಲ್ಲ. ಈ ವ್ಯತ್ಯಾಸವನ್ನು ವೀರನು ಗಮನಿಸಲಿಲ್ಲ. ವೀರರು ಇಂಥವನ್ನು ಗಮನಿಸುವುದಿಲ್ಲ. ಗಮನಿಸಿದರೆ ಕಥೆಗಳು ಬೇಗ ಮುಗಿದುಹೋಗುತ್ತವೆ.

ಫಕೀರವ್ವ ಸೊಂಟದ ಮೇಲೆ ಕೈಯಿಟ್ಟಳು. “ಸದ್ದ ಮಾಡಬ್ಯಾಡ ಅಂದ್ರ? ದುಪ್ಪಟಿ ಏನ್ ತೊಟ್ಟಿಲದಾಗಿನ ಕೂಸೇನು, ತಟ್ಟಿ ತಟ್ಟಿ ಒಗ್ಯಾಕ? ಕೇಳಿಲ್ಲಿ. ನಲವತ್ತ ವರ್ಷ ಆತು ನಾ ಈ ಕಲ್ಲಿಗೆ ಬರಾಕತ್ತು. ಈ ಕಲ್ಲು ಮೊದಲ ಇಷ್ಟ ಎತ್ತರ ಇತ್ತು. ನಾನ ಬಡದ ಬಡದ ಗೇಣ ತಗ್ಗ ಮಾಡೀನಿ. ಮೂರ ಮಂದಿ ಫೌಜದಾರ, ಒಬ್ಬ ತಹಶೀಲ್ದಾರ, ಎಲ್ಲಾರ ಅಂಗಿ ಕಾಲರ್ ಇದರ ಮ್ಯಾಲ ಬಾಯಿ ಬಿಟ್ಟಾವ. ಅವ್ರ್ಯಾರೂ ನನಗ ಸದ್ದ ಮಾಡಬ್ಯಾಡ ಅಂದಿಲ್ಲ. ನೀ ಯಾರಪಾ?”

“ಫೋಟೋ ತೆಗೀತೀನ್ರಿ. ಹಕ್ಕಿದು. ಎಂಟ ವರ್ಷಾತು ಇಲ್ಲಿಗೆ ಬರಾಕತ್ತು. ಕೊಕ್ಕರೆ ಬರೂ ಹೊತ್ತಾತು. ಅರ್ಧಾ ತಾಸು, ಬರೇ ಅರ್ಧಾ ತಾಸು ನಿಲ್ಲಸ್ರಿ ಯವ್ವಾ.”

“ಅರ್ಧಾ ತಾಸು ಬಿಟ್ರ ಕತ್ತಲಾತು. ಇನ್ನಾ ಹನ್ನೊಂದು ಅದಾವ. ನಸುಕನ್ಯಾಗ ಹರವಬೇಕು. ಅವನ್ನೆಲ್ಲ ಯಾರ ಒಗೀತಾರ, ನಿಮ್ಮಪ್ಪ?”

ಆ ಗಳಿಗೆಯಲ್ಲಿ ಮೂಡಣದ ಹೊಲಗಳ ಮೇಲೆ, ಬಾನಿನ ಅಂಚಿನಲ್ಲಿ, ಬರೆಯುವಾಗ ನಡುಗಿದ ಗೆರೆಯಂಥ ಒಂದು ಸಾಲು ಕಾಣಿಸಿತು. ಕೊಕ್ಕರೆಗಳು! ವೀರನ ಬುದ್ಧಿಯು ಸೂರ್ಯನಿಗಿಂತ ಮುಂಚೆ ಅಸ್ತಮಿಸಿತು.

“ನಾ ಒಗೀತೀನಿ!” ಎಂದು ಪ್ರತಿಜ್ಞೆ ಮಾಡಿದನು. “ಹನ್ನೊಂದೂ ನಾನ ಒಗದ ಕೊಡ್ತೀನಿ. ಈಗ ಸುಮ್ಮನಾಗ್ರಿ!”

ಫಕೀರವ್ವ ಅವನನ್ನು ಬೂಟಿನಿಂದ ಟೊಪ್ಪಿಗೆಯವರೆಗೆ ಅಳೆದಳು. “ಮಾತಂದ್ರ ಮಾತು?”

“ಮಾತು.”

“ಆತ ತಗೋ.” ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಮುಕ್ಕಾಲಿಯ ಪಕ್ಕದ ಮೆಟ್ಟಿಲಿನ ಮೇಲೆ ಬಂದು ಕಾಲು ಚಾಚಿ ಕೂತು, ಎಲೆಯ ಚಂಚಿ ಬಿಚ್ಚಿದಳು.

ಮೌನವು ಪಟ್ಟಾಭಿಷಿಕ್ತವಾಯಿತು.

ಅದನ್ನು ಏನೆಂದು ಬಣ್ಣಿಸಲಿ! ಮೊದಲು ನೀರಿನ ಅಲೆಗಳು ಅಡಗಿದವು. ಆಮೇಲೆ ಕಪ್ಪೆಯೊಂದು ಏನೋ ಹೇಳಹೊರಟು ಸುಮ್ಮನಾಯಿತು. ಗುರುಪಾದನು ತನ್ನ ಉಸಿರನ್ನೂ ಅರ್ಧಕ್ಕೆ ಇಳಿಸಿದನು. ಕ್ಯಾಮೆರಾದ ಸದ್ದನ್ನು ಆರಿಸಿದನು. ಗ್ರಂಥಾಲಯದ ಧೂಳಿನ ಮೌನದಂತಲ್ಲ ಇದು. ಇದು ಗೆದ್ದು ತಂದ ಮೌನ, ಎರಡು ಸೇನೆಗಳನ್ನು ಓಡಿಸಿ ಸಂಪಾದಿಸಿದ ಮೌನ. ತಾನು ಇಡೀ ಜೀವಮಾನ ಹುಡುಕುತ್ತಿದ್ದುದು ಇದನ್ನೇ ಎಂದು ಅವನಿಗೆ ಅನ್ನಿಸಿತು. ಕಣ್ಣಂಚಿನಲ್ಲಿ ತೇವ ಕೂಡ ಕಾಣಿಸಿಕೊಂಡಿತು, ಆದರೆ ಅದು ಲೆನ್ಸಿಗೆ ಒಳ್ಳೆಯದಲ್ಲವೆಂದು ಒರೆಸಿಕೊಂಡನು.

ಬಂದವು. ಮೊದಲಿಗೆ ಹದಿನೆಂಟು, ಹಿಂದೆ ನಲವತ್ತು, ಅದರ ಹಿಂದೆ ಎಣಿಸಲಾಗದಷ್ಟು. ಕೇಸರಿಮುಖದ, ಬಾಗುಕೊಕ್ಕಿನ, ಬೆನ್ನ ಕೊನೆಯ ಗರಿಗಳಲ್ಲಿ ಗುಲಾಬಿಯ ಬಣ್ಣ ಹೊತ್ತ ಆ ಗಗನಸೇನೆಯು ರೆಕ್ಕೆ ಬಡಿಯದೆ ತೇಲುತ್ತ ಕೆರೆಯ ಮೇಲೆ ಬಂದಿತು. ಸೂರ್ಯನು ತನ್ನ ಬಳಿ ಉಳಿದಿದ್ದ ಹೊನ್ನನ್ನೆಲ್ಲ ಅವುಗಳ ಹೊಟ್ಟೆಗೆ ಎರಚಿದನು. ಸೇನಾಪತಿಯಂಥ ಮುಂದಾಳು ಕೊಕ್ಕರೆಯು ಕಾಲುಗಳನ್ನು ಇಳಿಬಿಟ್ಟು ನಡುವಿನ ಮರದತ್ತ ಇಳಿಯಿತು. ಗುರುಪಾದನ ಬೆರಳು ಗುಂಡಿಯ ಮೇಲೆ ಕೂತಿತು.

ಮುಂದಾಳು ಕತ್ತನ್ನು ಒಂದು ಬದಿಗೆ ವಾಲಿಸಿತು. ಕಾಲುಗಳನ್ನು ಮೇಲೆಳೆದುಕೊಂಡಿತು. ಮತ್ತೆ ಮೇಲಕ್ಕೇರಿತು.

ಇಡೀ ಹಿಂಡು ಅದನ್ನು ಹಿಂಬಾಲಿಸಿ ಒಂದು ಸುತ್ತು ಹಾಕಿತು. ಎರಡನೆಯ ಸುತ್ತು ಇನ್ನೂ ಎತ್ತರದಲ್ಲಿ. ‘ನಾನು ಅಲುಗಿದೆನೇ?’ ಎಂದು ಗುರುಪಾದನು ಮತ್ತಷ್ಟು ಕಲ್ಲಾದನು. ಮೂರನೆಯ ಸುತ್ತಿಗೆ ಅವು ಏರಿಯನ್ನೂ ದಾಟಿ ಹೊಲಗಳ ಕಡೆಗೆ ವಾಲಿದವು. ಬೆಳಕು ಹಣ್ಣಾಗುತ್ತಿತ್ತು. ಕಳಿಯಲು ಇನ್ನು ಹದಿನಾಲ್ಕು ನಿಮಿಷ.

ಬೆನ್ನ ಹಿಂದೆ ಯಾರೋ ನಕ್ಕರು.

“ಅವು ಹೆಂಗ ಇಳೀತಾವೋ ತಮ್ಮಾ?” ಎಂದಳು ಫಕೀರವ್ವ, ಎಲೆಗೆ ಸುಣ್ಣ ಹಚ್ಚುತ್ತ. “ಕೆರಿಯಾಗ ಒಂದ ಸದ್ದಿಲ್ಲ.”

“ಸದ್ದಿಲ್ಲಂತನ ಇಳೀಬೇಕಲ್ರಿ?”

“ಅಯ್ಯ ಶಾಣ್ಯಾ! ಹಿಂದಕ ಬಲಿ ಹಾಕವ್ರು ಬರ್ತಿದ್ರು ಇಲ್ಲಿಗೆ. ಹಿಂಗ, ನಿನ್ನಂಗನ ಹಸರ ಅಂಗಿ ಹಾಕ್ಕೊಂಡು ಈ ಜೊಂಡಿನಾಗ ಕೂಡ್ತಿದ್ರು. ಬಂದ ಕೂಡ್ಲೆ ನಮಗ ಹೇಳೂದ ಇದನ್ನ: ಏ, ಸದ್ದ ಮಾಡಬ್ಯಾಡ್ರಿ. ನಾವು ಒಗ್ಯಾಣ ನಿಲ್ಲಿಸಿದ್ವಿ ಅಂದ್ರ ಯಾವನೋ ಹೊಂಚ ಹಾಕ್ಯಾನ ಅಂತ ಆ ಹಕ್ಕಿಗೆ ಗೊತ್ತ. ಧಪ್ ಧಪ್ ಅಂತಿದ್ರ ಮುದಕಿ ಅದಾಳ, ಎಲ್ಲಾ ಬರೋಬ್ಬರಿ ಐತಿ ಅಂತ ಇಳೀತಾವ. ಎಂಟ ವರ್ಷಾತು ಬರಾಕತ್ತಂತಿ, ಇಷ್ಟ ತಿಳೀಲಿಲ್ಲಾ?”

ಎಂಟು ವರ್ಷಗಳ ಮೂವತ್ತು ಸಾವಿರ ಚಿತ್ರಗಳು ವೀರನ ಕಣ್ಣ ಮುಂದೆ ಹಾದುಹೋದವು. ಅಷ್ಟೂ ಹಿಂಭಾಗಗಳು, ಅಷ್ಟೂ ಖಾಲಿ ಕೊಂಬೆಗಳು. ಒಗೆಯುವ ಕಲ್ಲಿಗೆ ದೂರವಾಗಿ, ಸದ್ದಿಲ್ಲದ ಮೂಲೆಯನ್ನೇ ಹುಡುಕಿ ಹುಡುಕಿ, ಹುಲ್ಲಿನಲ್ಲಿ ಹುಲ್ಲಾಗಿ ಕೂತ ಅಷ್ಟೂ ಭಾನುವಾರಗಳು. ಹಕ್ಕಿಗಳ ಲೆಕ್ಕದಲ್ಲಿ ಅವನು ಬೇಟೆಗಾರ. ಅದೂ ಎಂಟು ವರ್ಷದಲ್ಲಿ ಒಂದನ್ನೂ ಹಿಡಿಯದ ಬೇಟೆಗಾರ.

ವೀರನು ಆಯುಧಗಳನ್ನು ತ್ಯಜಿಸಿ ಮೊಣಕಾಲೂರಿದನು. “ಯವ್ವಾ, ತಪ್ಪಾತು. ಮತ್ತ ಒಗೀರಿ. ಜೋರಾಗಿ ಒಗೀರಿ. ನಿಮ್ಮ ಕಾಲ ಬೀಳ್ತೀನಿ.”

“ಈಗ? ಈಗ ಎಲಿ ಬಾಯಾಗಿಟ್ಟೀನಿ. ಹದಿನೈದು ಒಗದ ಕೂತೀನಿ. ಕೂತ ಸೊಂಟ ಏಳೂದಿಲ್ಲ.” ಅವಳು ನಿಧಾನವಾಗಿ ಅಗಿದಳು. “ಅಲ್ಲದ, ಮಾತಂದ್ರ ಮಾತು ಅಂದಿ. ನಾ ಒಗದ್ರ ಗದ್ದಲ ಆಗ್ತೈತಿ. ನೀ ಒಗಿ. ಕಲ್ತಾಂವ ಒಗದ್ರ ಸಂಗೀತ ಬರಬಹುದು, ಕೇಳೂಣು.”

ದಾವಲನನ್ನು ಕರೆಯೋಣವೆಂದು ಫೋನು ತೆಗೆದನು. ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ಇಂಪಾಗಿ ತಿಳಿಸಿದಳು. ಏರಿಯ ತುದಿಯ ಚಹದಂಗಡಿಗೆ ಓಡಿ ಬರಲು ಇಪ್ಪತ್ತು ನಿಮಿಷ. ಬೆಳಕು ಉಳಿದದ್ದು ಹನ್ನೆರಡು.

ಆಗ ತತ್ತ್ವಶಾಸ್ತ್ರ-ಸ್ನಾತಕೋತ್ತರನು ಬೂಟುಗಾಲಿನಲ್ಲಿ ನೀರಿಗಿಳಿದು, ಗಂಟಿನಿಂದ ಮೊದಲ ದುಪ್ಪಟಿಯನ್ನು ಎಳೆದು, ನೀರಲ್ಲಿ ಅದ್ದಿ ಎತ್ತಿದನು. ಅದರ ತೂಕಕ್ಕೆ ತೋಳು ಕೆಳಗೆ ಬಂತು. ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿ ಅಪ್ಪಳಿಸಿದನು. ಅದು ಕಲ್ಲನ್ನು ತಪ್ಪಿ ಅವನ ಬೆನ್ನಿಗೇ ಬಡಿಯಿತು.

“ಮಡಿಚಿ ಹಿಡೀಬೇಕೋ!” ಮೆಟ್ಟಿಲಿನಿಂದ ಉಪದೇಶ ಬಂತು. “ನಾಕ ಮಡಿಕಿ. ಹಾಂ. ಉಸರ ಬಿಡು, ಉಸರ ಹಿಡದ ಬಡದ್ರ ಎದಿ ಒಡೀತೈತಿ.”

ಧಪ್.

“ಇದೇನು, ರೊಟ್ಟಿ ಬಡ್ಯಾಕತ್ತೀಯೇನು? ಜೋರ!”

ಧಪ್! “ಉಶ್ಶಾ!” ಎಂಬ ಹೂಂಕಾರವು ಅವನ ಕೊರಳಿನಿಂದ ಕೇಳದೆಯೇ ಹೊರಬಂತು. ಧಪ್! ಮೌನದ ಮಹಾಭಕ್ತನು ಇಡೀ ಕೆರೆಯನ್ನು ಬಡಿದೆಬ್ಬಿಸಿದನು.

ಹೊಲಗಳ ಮೇಲೆ ವಾಲಿದ್ದ ಸಾಲು ಬಾಗಿತು. ತಿರುಗಿತು.

ಮೂರನೆಯ ದುಪ್ಪಟಿಯ ಹೊತ್ತಿಗೆ ಅವು ತಲೆಯ ಮೇಲಿದ್ದವು. ನಾಲ್ಕನೆಯದರ ಹೊತ್ತಿಗೆ ಇಳಿಯತೊಡಗಿದವು. ಮುಂದಾಳು ಗುರಿಯಿಟ್ಟ ಕೊಂಬೆಯ ಮೇಲೆಯೇ, ಆ ತುತ್ತತುದಿಯಲ್ಲೇ ಬಂದು ಕೂತಿತು. ವೀರನು ದುಪ್ಪಟಿಯನ್ನು ಕಲ್ಲಿನ ಮೇಲೆ ಬಿಟ್ಟು ಕ್ಯಾಮೆರಾದತ್ತ ನಾಲ್ಕು ಹೆಜ್ಜೆ ಇಟ್ಟನು. ಸದ್ದು ನಿಂತಿತು. ಇನ್ನೂರು ಕತ್ತುಗಳು ಒಟ್ಟಿಗೇ ಮೇಲೆದ್ದವು. ಇನ್ನೂರು ಜೊತೆ ರೆಕ್ಕೆಗಳು ಅರ್ಧ ಬಿಚ್ಚಿಕೊಂಡವು. ಅವನು ತಿರುಗಿ ಓಡಿಬಂದು ಧಪ್ಪೆಂದು ಬಡಿದನು. ರೆಕ್ಕೆಗಳು ಮಡಿಚಿದವು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಪ್ರಯತ್ನಿಸಿದನು; ಈ ಸಲ ಆರು ಹೆಜ್ಜೆಯವರೆಗೆ ಹೋದನು. ಏಳನೆಯದಕ್ಕೆ ಮುಂದಾಳು ಕಾಲೆತ್ತಿತು.

“ಏ ತಮ್ಮಾ,” ಫಕೀರವ್ವನಿಗೆ ಕರುಣೆ ಹುಟ್ಟಿತು. “ಇಲ್ಲೊಂದು ಗುಂಡಿ ಐತಿ. ನಾ ಒತ್ತಲೇನು?”

ಇಲ್ಲಿ ಒಂದು ಗಳಿಗೆ ಕಥೆ ನಿಲ್ಲಬೇಕು. ಕ್ಯಾಮೆರಾ ಸಿದ್ಧವಾಗಿತ್ತು. ಗುರಿ ಸರಿಯಾಗಿತ್ತು. ಹಕ್ಕಿ ಕೊಂಬೆಯ ಮೇಲಿತ್ತು. ಬೆಳಕು ಇನ್ನೂ ಮೂರು ನಿಮಿಷ ಇತ್ತು. ಹೂಂ ಎಂದಿದ್ದರೆ ಡಿಸೆಂಬರ್ ತಿಂಗಳು ಉದ್ಧಾರವಾಗುತ್ತಿತ್ತು. ಆದರೆ ಚಿತ್ರದ ಕೆಳಗೆ ಯಾರ ಹೆಸರು? ದುಪ್ಪಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದೇ ಗುರುಪಾದನು ಯೋಚಿಸಿದನು. ಗುಂಡಿ ಒತ್ತಿದವಳ ಹೆಸರು ಹಾಕಲು ಅವನ ಆಸೆ ಬಿಡಲಿಲ್ಲ. ತನ್ನ ಹೆಸರು ಹಾಕಲು ಅವನು ಓದಿದ ಎಂ.ಎ. ಬಿಡಲಿಲ್ಲ. ಅವೆರಡೂ ಒಂದನ್ನೊಂದು ಹಿಡಿದು ಜಗ್ಗುತ್ತಿರಲು ತೋಳು ಸೋತಿತು. ದುಪ್ಪಟಿ 'ಧಪ್' ಎಂದಿತು.

“ಬ್ಯಾಡ್ರಿ ಯವ್ವಾ,” ಎಂದನು.

“ನಿನ್ನ ಮರ್ಜಿ.”

ಆಮೇಲೆ ಅವನು ಒಗೆದನು. ಬೇರೆ ಉಪಾಯವಿರಲಿಲ್ಲ. ದುಪ್ಪಟಿ ಹೆಗಲಿನ ಮೇಲೆ ಹಾದು ಹೋಗುವಾಗ ತಲೆ ಮೇಲೇಳುತ್ತಿತ್ತು, ಆಗ ಕೆರೆ ಕಾಣಿಸುತ್ತಿತ್ತು, ಕೆಳಗಿಳಿದಾಗ ಕಲ್ಲು. ಕೆರೆ, ಕಲ್ಲು, ಕೆರೆ, ಕಲ್ಲು. ಹಾಗೆ ತುಣುಕು ತುಣುಕಾಗಿ ಅವನು ನೋಡಿದನು. ತಣ್ಣೀರಿಗೆ ಇಳಿಯುವ ಮನುಷ್ಯರಂತೆ ಕೊಕ್ಕರೆಗಳು ಎರಡೂ ಕಾಲನ್ನು ಮುಂಚಾಚಿ, ಕಡೆಯ ಗಳಿಗೆಯಲ್ಲಿ ಹಿಂಜರಿದು, ಆಮೇಲೆ ಇಳಿಯುತ್ತಿದ್ದವು. ಮೊದಲೇ ಕೂತವು ಬೈದುಕೊಳ್ಳುವಂತೆ ಕೊಕ್ಕು ಕಟಕಟಿಸಿ ಸರಿದು ಜಾಗ ಕೊಡುತ್ತಿದ್ದವು. ಒಂದು ಮರಿಹಕ್ಕಿ ಮೂರು ಸಲ ಕೊಂಬೆ ತಪ್ಪಿ ನಾಲ್ಕನೆಯ ಸಲಕ್ಕೆ ತಾಯಿಯ ಬೆನ್ನ ಮೇಲೆಯೇ ಇಳಿಯಿತು. ಲೆನ್ಸಿನ ದುಂಡು ಕಿಂಡಿಯಲ್ಲಿ ಎಂಟು ವರ್ಷ ನೋಡಿದವನಿಗೆ ಇದಾವುದೂ ಗೊತ್ತಿರಲಿಲ್ಲ. ಆ ಸಮಯದಲ್ಲಿ ಅವನಿಗೆ ಏನನ್ನಿಸಿತೆಂದು ಕೇಳಿದರೆ, ರಟ್ಟೆ ನೋಯುತ್ತಿತ್ತು ಎಂಬುದೇ ಸತ್ಯವಾದ ಉತ್ತರ.

ಹತ್ತನೆಯ ದುಪ್ಪಟಿಗೆ ಬಣ್ಣ ಆರಿತು. ಹನ್ನೊಂದನೆಯದಕ್ಕೆ ಕಲ್ಲೂ ಕಾಣಿಸಲಿಲ್ಲ. ಕತ್ತಲಲ್ಲಿ ಹಕ್ಕಿಗಳು ಮೈ ಕೊಡವಿಕೊಳ್ಳುವ ಸದ್ದು ಮಾತ್ರ ಉಳಿಯಿತು.

ಏರಿಯ ಮೇಲೆ ಮೊಪೆಡ್ಡು ಕೆಮ್ಮಿತು. ದಾವಲನು ಟಾರ್ಚು ಬಿಟ್ಟುಕೊಂಡು ಮೆಟ್ಟಿಲಿಳಿದು ಬಂದು, ಸೊಂಟದವರೆಗೆ ಒದ್ದೆಯಾಗಿ ದುಪ್ಪಟಿ ಹಿಂಡುತ್ತಿದ್ದ ಗೆಳೆಯನ ಮೇಲೆ ಬೆಳಕು ಹಾಯಿಸಿ, ಅದನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ, ಮತ್ತೆ ಗೆಳೆಯನ ಕಡೆಗೆ ತಂದನು.

“ಫೋಟೋ?”

“ಇಲ್ಲ.”

“ಮತ್ತ ಇದು?”

“ಹನ್ನೊಂದು ದುಪ್ಪಟಿ.”

ದಾವಲನು ಏನೋ ಕೇಳಬೇಕೆಂದು ಬಾಯ್ತೆರೆದನು. ಆದರೆ ಫಕೀರವ್ವ ಟಾರ್ಚನ್ನು ಅವನ ಕೈಯಿಂದ ಇಸಿದುಕೊಂಡು ಒಂದೊಂದೇ ದುಪ್ಪಟಿಯನ್ನು ಬಿಚ್ಚಿ ಪರೀಕ್ಷಿಸತೊಡಗಿದ್ದಳು. ರಣಾಂಗಣದಲ್ಲಿ ಸೇನಾನಿಯು ಶಸ್ತ್ರಗಳನ್ನು ನೋಡುವಂತೆ ನೋಡಿದಳು. “ಇದು ನಡೀತೈತಿ. ಇದೂ ನಡೀತೈತಿ. ಇದರ ಅಂಚಿಗೆ ಸಾಬೂನ ಹಂಗಾ ಐತಿ. ಇದರಾಗ ಚಹಾದ ಕಲಿ ಹೋಗಿಲ್ಲ. ಇದನ್ನ ಕಲ್ಲಿಗೆ ಒಗದೀಯೋ, ಕೆಸರಿಗೋ?” ಎಂದು ನಾಲ್ಕನ್ನು ಬೇರೆ ಇಟ್ಟಳು. “ಇವಿಷ್ಟು ನಸುಕನ್ಯಾಗ ನಾನ ಮತ್ತ ಒಗಕೊಂತೀನಿ. ಬಿಡು, ಪೈಲಾ ಸಲಕ್ಕ ಇದ ಹೆಚ್ಚು.”

ಹೀಗೆ ಮುಗಿದ ಆ ಮಹಾಸಮರದ ಫಲಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: ತೆಗೆದ ಚಿತ್ರಗಳು ಸೊನ್ನೆ. ಶುಭ್ರವಾದ ದುಪ್ಪಟಿಗಳು ಏಳು. ಮರುದಿನ ಹತ್ತಕ್ಕೆ ಮುದ್ರಣಯಂತ್ರ ಹೊರಟಾಗ ಡಿಸೆಂಬರ್ ತಿಂಗಳಲ್ಲಿ ಸಹಕಾರಿ ಸಂಘದ ಹೊಸ ಕಟ್ಟಡವು ಮೂರು ಅಂತಸ್ತುಗಳೊಂದಿಗೆ ವಿರಾಜಮಾನವಾಯಿತು. ಅದರ ಚಿತ್ರ ತೆಗೆದವನ ಹೆಸರನ್ನು ಯಾರೂ ಕೇಳಲೂ ಇಲ್ಲ, ಹಾಕಲೂ ಇಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ವೀರನ ಬಲಗೈ ತಟ್ಟೆಯವರೆಗೆ ಹೋಯಿತು, ಬಾಯಿಯವರೆಗೆ ಬರಲಿಲ್ಲ. ರೊಟ್ಟಿಯ ತುಣುಕು ನಡುದಾರಿಯಲ್ಲೇ ನಿಂತುಬಿಟ್ಟಿತು. ಅನ್ನಪೂರ್ಣಾ ನೋಡಿದಳು.

“ಕೈಗೇನಾತ್ರಿ? ಫೋಟೋ ತೆಗದ ಹಿಂಗಾತೇನು?”

ಗುರುಪಾದನು ಇದ್ದದ್ದನ್ನು ಇದ್ದಂತೆ ಹೇಳಿದನು: ಕೆರೆ, ಕಲ್ಲು, ಕೊಕ್ಕರೆ, ಹನ್ನೊಂದು. ಅವಳು ಪೂರ್ತಿ ಕೇಳಿದಳು. ನಗಲಿಲ್ಲ. ಅವನ ಕೈಯಲ್ಲಿದ್ದ ರೊಟ್ಟಿಯನ್ನು ತೆಗೆದುಕೊಂಡು ಪಲ್ಯ ಕೂಡಿಸಿ ಅವನ ಬಾಯಿಗಿಟ್ಟಳು. ಅವನು ಅಗಿಯುತ್ತಿರಲು ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ತಿರುಗಿ ಬಂದಾಗ ಅವಳ ಕಂಕುಳಲ್ಲಿ ಒಂದು ದೊಡ್ಡ ಗಂಟಿತ್ತು. ಅದನ್ನು ಅವನ ಬೂಟುಗಳ ಪಕ್ಕದಲ್ಲಿ ಇಟ್ಟಳು.

“ಚಾದರ, ಕೌದಿ, ಬಾಗಲದ ಪಡದೆ, ಎಲ್ಲಾ ಅದಾವ,” ಎಂದಳು. “ಮುಂದಿನ ಐತವಾರ ಹೊಂಟಾಗ ಮರೀಬ್ಯಾಡ್ರಿ.”